ಮೂವತ್ತು ಭಾಗ

ಫೆಬ್ರವರಿ 3, ಸೋಮವಾರ

ಷಟರ್ ಎತ್ತುವ ಮೊದಲೇ ಜಗಳ ಗ್ಯಾರೇಜಿನ ಬಾಗಿಲಿಗೆ ಬಂದಿತ್ತು. ತಿರುವಿನಲ್ಲಿ ಒಬ್ಬ ಸ್ಕೂಟರಿನವನೂ ಒಬ್ಬ ಕಾರಿನವನೂ ತಾಗಿಸಿಕೊಂಡಿದ್ದರು. ಮೈಗೆ ಪೆಟ್ಟಿಲ್ಲ, ಬಾಯಿಗೆ ಬಿಡುವಿಲ್ಲ. ಪಕ್ಕದ ಟೈರ್ ಅಂಗಡಿಯವನು ಇಬ್ಬರನ್ನೂ ನನ್ನ ಮುಂದೆ ತಂದು ನಿಲ್ಲಿಸಿದ. "ನಮ್ಮಣ್ಣ ಹೇಳಿದ್ಮೇಲೆ ಮುಗೀತು. ಪೊಲೀಸ್ರೂ ಇವರನ್ನೇ ಕೇಳೋದು," ಎಂದ. ಪೊಲೀಸರು ಯಾವತ್ತೂ ಕೇಳಿಲ್ಲ. ಆದರೆ ಹಾಗೆ ಹೇಳಿಸಿಕೊಳ್ಳಲು ಹಿತವಾಗಿರುತ್ತದೆ, ತಿದ್ದಲು ಹೋಗಲಿಲ್ಲ.

ಬಗ್ಗಿ ನೋಡಿದೆ. ಕಾರಿನ ಬಾಗಿಲು ಒಳಕ್ಕೆ ಹೋಗಿದೆ. ಸ್ಕೂಟರಿನ ಇಂಡಿಕೇಟರಿನಲ್ಲಿ ಬಲ್ಬೇ ಇಲ್ಲ. "ನಿಂದು ಅರವತ್ತು ಭಾಗ ತಪ್ಪು, ಇವರದ್ದು ನಲವತ್ತು," ಎಂದೆ ಸ್ಕೂಟರಿನವನಿಗೆ. ಇಬ್ಬರೂ ಮುಖ ಗಂಟು ಹಾಕಿಕೊಂಡರು. ಇಬ್ಬರಿಗೂ ಸಮಾಧಾನವಾಗಲಿಲ್ಲ ಎಂದರೆ ಲೆಕ್ಕ ಸರಿಯಾಗಿದೆ ಎಂದೇ ಅರ್ಥ.

ಈ ವಿದ್ಯೆ ಹೇಳಿಕೊಟ್ಟವರು ಸರ್ವೇಯರ್. ಡಿಕ್ಕಿಯಾದ ಗಾಡಿಗಳನ್ನು ನೋಡಿ ವಿಮಾ ಕಂಪನಿಗೆ ವರದಿ ಬರೆಯುವವರು. ನಾನು ಒಂದು ಸುತ್ತಿಗೆ, ಒಂದು ಮರದ ದಿಮ್ಮಿ ಇಟ್ಟುಕೊಂಡು ಈ ರಸ್ತೆಗೆ ಬಂದಾಗ ಮೊದಲ ಗಾಡಿ ಕಳಿಸಿದವರೂ ಅವರೇ. "ನೂರಕ್ಕೆ ನೂರು ಒಬ್ಬನದ್ದೇ ತಪ್ಪು ಅನ್ನೋದು ಪ್ರಪಂಚದಲ್ಲಿಲ್ಲ ಕಣಯ್ಯ. ನಿಂತ ಗಾಡಿಗೂ ಹತ್ತು ಭಾಗ ಇರುತ್ತೆ. ಅದು ಅಲ್ಲಿ ಯಾಕೆ ನಿಂತಿತ್ತು?" ಎನ್ನುತ್ತಾರೆ. ಓದಿದವರ ಮಾತಿನ ತೂಕವೇ ಬೇರೆ.

ಮಗಳು ಅವರ ಆಫೀಸಿನಲ್ಲಿ ವರದಿ ಟೈಪ್ ಮಾಡುತ್ತಾಳೆ. ನಾನೇ ಹೇಳಿ ಸೇರಿಸಿದ್ದು. ಹತ್ತು ಜನರ ಎದುರು ಅವಳ ಇಂಗ್ಲಿಷನ್ನು ಹೊಗಳಿದರು ಮೊನ್ನೆ. ನಾನು ಆಕಡೆ ತಿರುಗಿ ಬಂಪರ್ ಒರೆಸಿದೆ, ಮುಖ ಕಾಣಬಾರದೆಂದು.

ಫೆಬ್ರವರಿ 6, ಗುರುವಾರ

ಕೈ ಓಡುತ್ತಿಲ್ಲ.

ಮಧ್ಯಾಹ್ನ ಮಗಳು ಮನೆಗೆ ಹೋಗದೆ ನೇರ ಗ್ಯಾರೇಜಿಗೆ ಬಂದಳು. ಕಂಪ್ರೆಸರ್ ಓಡುತ್ತಿತ್ತು. ಮಾತು ಕೇಳಲೆಂದು ನಿಲ್ಲಿಸಲು ಹೋದರೆ, "ಇರ್ಲಿ ಅಪ್ಪ, ಓಡ್ತಿರ್ಲಿ," ಎಂದಳು. ಆ ಸದ್ದಿನ ಅಡಿಯಲ್ಲಿ ಹೇಳಿದಳು. ನನಗೆ ಮಾತ್ರ ಕೇಳುವಷ್ಟು.

ಮಗಳಿಗೆ ಕೆಟ್ಟದ್ದೊಂದು ಆಗಿದೆ. ಸರ್ವೇಯರ್ ಅವರ ಮನೆಯಲ್ಲಿ. ಆಫೀಸು ಕೆಳಗೆ, ಮನೆ ಮೇಲೆ. ಮೊಣಕಾಲು ನೋವು, ಸಹಿಗೆ ಫೈಲನ್ನು ಮೇಲೆಯೇ ತಂದುಕೊಡು ಎಂದು ಫೋನ್ ಮಾಡಿದ್ದರಂತೆ. ಅವರ ಮನೆಯವರು ಊರಲ್ಲಿರಲಿಲ್ಲ.

ಕೇಳಿದೆ. ಎಷ್ಟು ಹೊತ್ತಿಗೆ ಹೋದೆ. ಯಾಕೆ ಮೇಲೆ ಹೋದೆ. ಬಾಗಿಲು ಹಾಕಿದ್ದು ಯಾವಾಗ. ಕೂಗಲಿಲ್ಲವಾ. ಕೆಳಗೆ ಯಾರೂ ಇರಲಿಲ್ಲವಾ. ಉತ್ತರ ಹೇಳುತ್ತಾ ಹೇಳುತ್ತಾ ಅವಳು ಸುಮ್ಮನಾದಳು. ನನ್ನ ಕೈ ನೋಡುತ್ತಿದ್ದಳು. ಕಿವಿಯ ಮೇಲಿನ ಪೆನ್ಸಿಲ್ ಯಾವಾಗಲೋ ಕೈಗೆ ಬಂದಿತ್ತು. ಅಭ್ಯಾಸ. ಗಾಡಿ ನೋಡುವಾಗ ಹಾಗೇ.



ಫೆಬ್ರವರಿ 7, ಶುಕ್ರವಾರ

ಮನೆಯವಳು ಮೊದಲು ಅತ್ತಳು, ಆಮೇಲೆ ನನ್ನ ಮೇಲೆ ಬಿದ್ದಳು. "ಆ ಕೆಲಸ ಬೇಡ ಅಂತ ಬಡ್ಕೊಂಡೆ. ದೊಡ್ಡೋರ ಸಹವಾಸ ಅಂತ ಕುಣಿದ್ರಿ." ಅವಳು ಬಡಿದುಕೊಂಡ ನೆನಪು ನನಗಿಲ್ಲ, ಆದರೆ ಇಂಥ ದಿನ ಅದನ್ನು ಎತ್ತುವುದು ಸರಿಯಲ್ಲ. ಒಪ್ಪಿಕೊಂಡೆ.

ಮಗಳು ದೂರು ಕೊಡುತ್ತೇನೆ ಎಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತೇ ಹೇಳಿದ್ದು. ಮನೆಯವಳು ಸೀರೆಯ ತುದಿಯಿಂದ ಮೂಗು ಒರೆಸಿಕೊಂಡು, "ಮುಳ್ಳಿನ ಮೇಲೆ ಸೆರಗು ಬಿದ್ರೂ, ಸೆರಗಿನ ಮೇಲೆ ಮುಳ್ಳು ಬಿದ್ರೂ ಹರಿಯೋದು ಸೆರಗೇ ಕಣೇ. ಯೋಚ್ನೆ ಮಾಡು," ಎಂದಳು.

"ಮುಳ್ಳು ಫೋನ್ ಮಾಡಿ ಮೇಲಕ್ಕೆ ಕರಿಯಲ್ಲಮ್ಮ," ಎಂದಳು ಮಗಳು. "ಬಾಗಿಲ ಚಿಲಕ ಹಾಕಲ್ಲ."

ನಾನು ಏನಾದರೂ ಹೇಳಬೇಕಿತ್ತು. ನಲವತ್ತು ಜನರ ಜಗಳ ಬಿಡಿಸುವ ಬಾಯಿ ಇದು. "ನಾಳೆ ನಾನೂ ಬರ್ತೀನಿ," ಎಂದಷ್ಟೇ ಹೊರಟಿತು.

ಫೆಬ್ರವರಿ 8, ಶನಿವಾರ

ಠಾಣೆಯಲ್ಲಿ ಒಬ್ಬ ಮಹಿಳಾ ಅಧಿಕಾರಿ. ಮಗಳನ್ನು ಒಳಗೆ ಕರೆದು, ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. "ಅಪ್ಪ ಇರ್ಲಾ?" ಎಂದು ಅಧಿಕಾರಿ ಕೇಳಿದ್ದು ನನಗೆ ಕೇಳಿಸಿತು. "ಬೇಡ" ಎಂದದ್ದೂ ಕೇಳಿಸಿತು.

ಆಮೇಲೆ ಆಸ್ಪತ್ರೆ. ಅದರ ಬಗ್ಗೆ ಬರೆಯುವುದಿಲ್ಲ.

ವಾಪಸು ಬರುವಾಗ ಧೈರ್ಯ ಹೇಳೋಣವೆಂದು, "ಅವರು ಎಷ್ಟೇ ದೊಡ್ಡೋರಾದ್ರೂ ಕಾನೂನು ಅಂತ ಒಂದಿದೆ, ಅವರೂ ಉತ್ತರ ಕೊಡ್ಲೇಬೇಕು," ಎಂದೆ.

"ಅಪ್ಪ, ಇನ್ನೂ 'ಅವರು' ಅಂತೀಯಲ್ಲ."

"ಬಾಯಿಗೆ ಬಂದ್ಬಿಡುತ್ತೆ ಮಗಾ. ವರ್ಷಗಳ ಅಭ್ಯಾಸ."

ಅವಳು ಕಿಟಕಿಯ ಕಡೆ ತಿರುಗಿದಳು. ಹೋಗಲಿ, ಮರ್ಯಾದೆ ಕೊಟ್ಟರೆ ನಾವೇನೂ ಸಣ್ಣವರಾಗುವುದಿಲ್ಲ ಎಂದುಕೊಂಡೆ. ಅವಳಿಗೆ ಈಗ ಎಲ್ಲವೂ ಚುಚ್ಚುತ್ತದೆ.

ಫೆಬ್ರವರಿ 11, ಮಂಗಳವಾರ

ರಸ್ತೆಗೆಲ್ಲ ಗೊತ್ತಾಗಿದೆ. ಯಾರೂ ಕೇಳುವುದಿಲ್ಲ, ಎಲ್ಲರೂ ಚಹಾ ಕುಡಿಯಲು ನನ್ನ ಗ್ಯಾರೇಜಿಗೇ ಬರುತ್ತಾರೆ. ನಮ್ಮ ಪೇಂಟರ್ ಸ್ಪ್ರೇ ಗನ್ ತೊಳೆಯುತ್ತಾ, "ಕಾಲ ಕೆಟ್ಟೋಯ್ತು ಯಜಮಾನ್ರೇ," ಎಂದ. ಜಾಣ. ಕಾಲದ ಮೇಲೆ ಹಾಕಿದರೆ ಕಾಲ ಬಂದು ಜಗಳವಾಡುವುದಿಲ್ಲ. ಇನ್ನೊಬ್ಬ ಮೊಬೈಲಿನ ಮೇಲೆ ಹಾಕಿದ. ಮತ್ತೊಬ್ಬ, ಸರ್ವೇಯರ್ ಮನೆಯವರು ಊರಿಗೆ ಹೋದದ್ದೇ ತಪ್ಪು ಎಂದ. ಯಾರೂ ತಪ್ಪು ಹೊರಿಸದ ಒಂದು ತಲೆ ಉಳಿದಿತ್ತು. ಅದರ ಹತ್ತಿರ ಮಾತು ಬಂದಾಗ ಎಲ್ಲರೂ ಚಹಾ ಊದಿಕೊಂಡರು.

ಟೈರ್ ಅಂಗಡಿಯವನು ಮಾತ್ರ ಸುತ್ತಿ ಬಳಸುವವನಲ್ಲ. "ಅಣ್ಣಾ, ಬೇಜಾರ್ ಮಾಡ್ಕೋಬೇಡ. ರಸ್ತೇಲಿ ಯಾರೇ ಗುದ್ದಿದ್ರೂ ನೀನು ಭಾಗ ಹಾಕ್ತೀಯ. ಇದಕ್ಕೆ ಎಷ್ಟು ಹಾಕ್ತೀಯ?"

ಎಲ್ಲರೂ ನನ್ನ ಮುಖ ನೋಡಿದರು. ಎದ್ದು ಹೋಗಬಹುದಿತ್ತು. ಲೋಟ ನೆಲಕ್ಕೆ ಕುಕ್ಕಬಹುದಿತ್ತು. ಮಗಳ ಅಪ್ಪನಾದ್ದರಿಂದ ಪಕ್ಷಪಾತ ಮಾಡಿದ ಎನ್ನಬಾರದು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು.

"ಎಪ್ಪತ್ತು ಅವರದ್ದು," ಎಂದೆ. "ಮೂವತ್ತು ನಮ್ಮವಳದ್ದೂ ಇದೆ. ಮೇಲೆ ಹೋಗ್ಬಾರ್ದಿತ್ತು."

"ನೋಡ್ರಪ್ಪ," ಎಂದ ಅವನು, "ಸ್ವಂತ ಮಗಳು ಅಂತ ನೋಡ್ಲಿಲ್ಲ. ನ್ಯಾಯ ಅಂದ್ರೆ ಇದು."

ಕೇಳಿ ಒಂದು ಗಳಿಗೆ ಹಿತವಾಯಿತು. ಈಗ ಬರೆಯುವಾಗ ಬಾಯಲ್ಲಿ ತುಕ್ಕಿನ ರುಚಿ. ಚಹಾ ಸರಿಯಿರಲಿಲ್ಲವೇನೋ.

ಫೆಬ್ರವರಿ 17, ಸೋಮವಾರ

ಸರ್ವೇಯರನ ಹೆಂಡತಿ ಮನೆಗೆ ಬಂದಿದ್ದಳು. ಅವನನ್ನು ಪೊಲೀಸರು ಕರೆದುಕೊಂಡು ಹೋಗಿದ್ದಾರೆ, ನಾಳೆಯೋ ನಾಡಿದ್ದೋ ಜಾಮೀನು ಸಿಗುತ್ತದೆ ಎಂದಳು. ದೂರು ವಾಪಸು ತೆಗೆದುಕೊಳ್ಳಿ ಎನ್ನಲು ಬಂದಿದ್ದು. ಮೊದಲು ಕೈ ಮುಗಿದಳು, ಆಮೇಲೆ ದನಿ ಏರಿತು.

"ಯಜಮಾನ್ರೇ, ನೀವೂ ತಿಳಿದೋರು. ನಿಮ್ಮ ಮಗಳು ಯಾಕೆ ಮೇಲೆ ಹತ್ತಿದ್ಳು? ಕೂಗ್ಬೋದಿತ್ತಲ್ಲ? ಕೆಳಗೆ ರಸ್ತೆ ತುಂಬ ಜನ ಇರ್ತಾರೆ."

ಮೈಯೆಲ್ಲ ಉರಿದುಹೋಯಿತು. "ನಿಮ್ಮ ಗಂಡ ಯಾಕೆ ಕರೆದ ಅಂತ ಮನೇಲಿ ಕೇಳಿದ್ರಾ?" ಎಂದೆ. "ಏಳಿ ಮೇಲೆ."

ಎದ್ದಳು. ಬಾಗಿಲಲ್ಲಿ ಚಪ್ಪಲಿ ಸಿಗದೆ ತಡಕಾಡಿದಳು. ಪಾಪ ಎನ್ನಿಸಿತು, ಆದರೂ ಸಿಟ್ಟು ಇಳಿಯಲಿಲ್ಲ. ನೊಂದ ಹುಡುಗಿಯ ಮನೆಗೆ ಬಂದು ಇಂಥ ಪ್ರಶ್ನೆ ಕೇಳುವುದಕ್ಕೆ ಎಂಥ ಕಲ್ಲು ಮನಸ್ಸಿರಬೇಕು. ಅದನ್ನೇ ಮಗಳ ಎದುರು ಹೇಳಿದೆ. ಅವಳು ನನ್ನನ್ನೇ ನೋಡುತ್ತಾ ಇದ್ದಳು, ಬಹಳ ಹೊತ್ತು. ಯಾಕೆಂದು ತಿಳಿಯಲಿಲ್ಲ.

ಮಾರ್ಚ್ 2, ಭಾನುವಾರ

ಮಗಳು ಈಗ ಕೂತು ಊಟ ಮಾಡುವುದಿಲ್ಲ. ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ, ತಟ್ಟೆ ಕೈಯಲ್ಲಿ ಹಿಡಿದು ನಿಂತೇ ತಿನ್ನುತ್ತಾಳೆ. ಕೂತ್ಕೋ ಎಂದು ಹೇಳಿ ಹೇಳಿ ಮನೆಯವಳಿಗೂ ಸಾಕಾಯಿತು. ಇವತ್ತು ಅವಳೂ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಳು. ಇಬ್ಬರು ನಿಂತಿರುವಾಗ ನಾನೊಬ್ಬನೇ ಮೇಜಿನ ಮುಂದೆ ಕೂತರೆ ಜಮೀನ್ದಾರನಂತೆ ಕಾಣುತ್ತೇನೆ. ನಾನೂ ಹೋಗಿ ನಿಂತೆ.

"ಈಗಿನ ಮದುವೆ ಬಫೆ ಊಟದ ಹಾಗಾಯ್ತು," ಎಂದೆ. "ಉಡುಗೊರೆ ಯಾರಿಗೆ ಕೊಡ್ಬೇಕು ಅಂತ ಹೇಳಿದ್ರೆ ಕೊಟ್ಟು ಹೊರಟುಬಿಡ್ತೀನಿ."

ಮಗಳ ತುಟಿ ಒಂದಿಷ್ಟು ಅಲುಗಿತು. ನಗು ಎನ್ನಲು ಬರುವುದಿಲ್ಲ, ಆದರೆ ಅಲುಗಿತು. ಮನೆಯವಳು ನೋಡಿದಳು, ನಾನೂ ನೋಡಿದೆ. ನೋಡಿದೆವು ಎಂದು ಇಬ್ಬರೂ ತೋರಿಸಿಕೊಳ್ಳಲಿಲ್ಲ.

ಮೇ 21, ಬುಧವಾರ

ವಿಮೆಯ ಗಾಡಿಗಳು ನಮ್ಮ ಗ್ಯಾರೇಜಿನ ದಾರಿ ಮರೆತಿವೆ. ಗೊತ್ತಿದ್ದದ್ದೇ. ಬೆಳಿಗ್ಗೆ ಅವನು ಎದುರಿನ ಬ್ಯಾಂಕಿನಿಂದ ಇಳಿದು ಬಂದ. ಮೆಟ್ಟಿಲನ್ನು ಚಕಚಕನೆ ಇಳಿದ, ಮೊಣಕಾಲಿಗೆ ಏನೂ ಆದಂತಿಲ್ಲ. ಟೈರ್ ಅಂಗಡಿಯವನು ಎದ್ದು ನಿಂತು ನಮಸ್ಕಾರ ಹಾಕಿದ. ಅವನೂ ಹಾಕಿದ.

ಅರ್ಧ ಉಜ್ಜಿದ ಬಾಗಿಲನ್ನು ಹಾಗೇ ಬಿಟ್ಟು ಒಳಗೆ ಹೋಗಿ ಕೂತೆ. ನಾನು ಯಾಕೆ ಒಳಗೆ ಹೋಗಬೇಕು? ಮಾಡಿದವನು ರಸ್ತೆಯಲ್ಲಿದ್ದಾನೆ. ಮಗಳು ಇಷ್ಟು ತಿಂಗಳಿಂದ ಒಳಗಿದ್ದಾಳೆ. ಈಗ ನಾನೂ ಒಳಗೆ.

ಮತ್ತೆ ಹೊರಗೆ ಬಂದೆ. ಅಷ್ಟರಲ್ಲಿ ಹೊರಟುಹೋಗಿದ್ದ.

ಅಕ್ಟೋಬರ್ 14, ಮಂಗಳವಾರ

ನಾಳೆ ವಿಚಾರಣೆ. ನಮ್ಮ ಪರವಾಗಿ ಇರುವ ಸರ್ಕಾರಿ ವಕೀಲೆ ಗಟ್ಟಿಗಿತ್ತಿ. ಮೊದಲು ಮಗಳು, ನಾಡಿದ್ದು ನಾನು. ಅವಳು ಮೊದಲು ಹೇಳಿಕೊಂಡದ್ದು ನನ್ನ ಹತ್ತಿರ, ಅದೇ ದಿನ, ಅದೇ ಬಟ್ಟೆಯಲ್ಲಿ. ಆದ್ದರಿಂದ ನನ್ನ ಸಾಕ್ಷಿಗೆ ಬೆಲೆ ಇದೆಯಂತೆ.

"ನೀವು ಮಾತುಗಾರರು ಅಂತ ಕೇಳಿದೀನಿ," ಎಂದರು ವಕೀಲೆ. "ಅಲ್ಲಿ ಮಾತು ಕಡಿಮೆ ಇರ್ಲಿ."

ಮಗಳು ಬಟ್ಟೆ ಇಸ್ತ್ರಿ ಮಾಡಿಕೊಂಡಳು. ತನ್ನದು ಮುಗಿಸಿ ನನ್ನ ಅಂಗಿಯನ್ನೂ ತೆಗೆದುಕೊಂಡಳು. ಕಾಲರನ್ನು ಎರಡು ಸಲ ಉಜ್ಜಿದಳು.

ಅಕ್ಟೋಬರ್ 15, ಬುಧವಾರ

ಮುಚ್ಚಿದ ಕೋಣೆಯ ವಿಚಾರಣೆ. ನಾನೂ ಮನೆಯವಳೂ ಹೊರಗೆ. ಬೆಳಿಗ್ಗೆ ಒಳಗೆ ಹೋದವಳು ಊಟದ ಹೊತ್ತು ದಾಟಿದ ಮೇಲೆ ಬಂದಳು. ಮುಖದಲ್ಲಿ ರಕ್ತವಿಲ್ಲ. ನೇರ ನನ್ನ ಮುಂದೆ ಬಂದು ನಿಂತಳು.

"ಮೂವತ್ತಾ ಅಪ್ಪ?"

ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು.

"ಅವನ ವಕೀಲ ಕೇಳಿದ. ನಿಮ್ಮ ತಂದೇನೇ ನಿಮ್ಮ ತಪ್ಪು ಮೂವತ್ತು ಭಾಗ ಅಂದಿದ್ದಾರೆ, ಗೊತ್ತಾ ಅಂತ. ಸುಳ್ಳು ಅಂದೆ. ನಮ್ಮಪ್ಪ ಹಾಗನ್ನಲ್ಲ ಅಂದೆ. ಟೈರ್ ಅಂಗಡಿ ಅಂಕಲ್ ಹೆಸರು ಸಾಕ್ಷಿ ಪಟ್ಟೀಲಿದೆ ಅಂದ." ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು. "ಸುಳ್ಳು ತಾನೆ?"

ನಾನು ಕಾರಿಡಾರಿನ ನೆಲ ನೋಡಿದೆ. ಆ ನೆಲ ನೋಡಿದ್ದೇ ಉತ್ತರ. ಮನೆಯವಳು "ಅಯ್ಯೋ" ಎಂದು ಬಾಯಿಗೆ ಕೈ ಇಟ್ಟುಕೊಂಡಳು.

ವಕೀಲೆ ನನ್ನನ್ನು ಪಕ್ಕಕ್ಕೆ ಕರೆದರು. "ನಾಳೆ ನಿಮ್ಮನ್ನ ಕೇಳ್ತಾರೆ. ನೀವು ಇಲ್ಲ ಅಂದ್ರೆ ಅವರ ಕೈಲಿ ಇರೋದು ಟೈರ್ ಅಂಗಡಿಯವನ ಮಾತೊಂದೇ. ಹೌದು ಅಂದ್ರೆ ಅದು ದಾಖಲಾಗುತ್ತೆ, ತೊಂದರೆ ಆಗುತ್ತೆ. ಸುಳ್ಳು ಹೇಳಿ ಅಂತ ನಾನು ಹೇಳಲ್ಲ. ಹೇಳೋ ಹಾಗಿಲ್ಲ."

ಅವನು ಎಂಥ ಸಾಕ್ಷಿ. ನನ್ನ ಬಾಯಿಯ ಮುಂದೆ ಅವನ ಬಾಯಿ ಯಾವ ಲೆಕ್ಕ. ಇಲ್ಲ ಎಂದು ಸಾಧಿಸಿ ಬರುವುದು ನನಗೆ ಎಡಗೈ ಕೆಲಸ.

ಮನೆಗೆ ಬಂದು ಮಗಳ ಕೋಣೆಯ ಬಾಗಿಲಲ್ಲಿ ನಿಂತೆ. "ಏನು ಹೇಳ್ಲಿ ಮಗಾ?"

"ನನ್ನನ್ನ ಕೇಳ್ಬೇಡ," ಎಂದಳು, ಗೋಡೆಯ ಕಡೆ ಮುಖ ಮಾಡಿಯೇ. "ನಾನು ನಡೆದದ್ದು ಹೇಳಿದೆ. ಒಂದೇ ಒಂದು ಮಾತು ಸುಳ್ಳು ಹೇಳಿದ್ದು, ಅದೂ ಗೊತ್ತಿಲ್ದೆ. ನಮ್ಮಪ್ಪ ಹಾಗನ್ನಲ್ಲ ಅಂತ."

ಅಕ್ಟೋಬರ್ 16, ಗುರುವಾರ

ಸರ್ವೇಯರ್ ಎದುರಿಗೇ ಕೂತಿದ್ದ. ಕನ್ನಡಕ ಒರೆಸುತ್ತಿದ್ದ.

ನಮ್ಮ ವಕೀಲೆ ಕೇಳಿದ್ದಕ್ಕೆ ಹೇಳಿದೆ. ಬಂದಳು, ಹೀಗೆ ನಿಂತಿದ್ದಳು, ಹೀಗೆ ಹೇಳಿದಳು. ಆಮೇಲೆ ಅವನ ವಕೀಲ ಎದ್ದ. ಬಹಳ ಮರ್ಯಾದಸ್ಥ, ನನ್ನನ್ನು ಸಾರ್ ಎಂದೇ ಕರೆದ.

"ಮಗಳದ್ದು ಮೂವತ್ತು ಭಾಗ ತಪ್ಪು ಅಂತ ನಿಮ್ಮ ಗ್ಯಾರೇಜಿನಲ್ಲಿ ಹೇಳಿದ್ದು ನಿಜ ತಾನೆ ಸಾರ್?"

ಇಲ್ಲ ಎಂಬ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು. ನೆನ್ನೆ ಅವಳು ಇದೇ ಜಾಗದಲ್ಲಿ ನಿಂತು ನನ್ನ ಪರವಾಗಿ ಹೇಳಿದ ಮಾತು ನೆನಪಾಯಿತು. ಅವಳ ಬಾಯಲ್ಲಿ ಅದು ಸುಳ್ಳಾಗಿರಲಿಲ್ಲ. ನನ್ನ ಬಾಯಿಗೆ ಬಂದರೆ ಆಗುತ್ತದೆ. ನಡೆದದ್ದನ್ನೇ ಹೇಳಿದವಳು ಈ ಮೊಕದ್ದಮೆಯಲ್ಲಿ ಅವಳೊಬ್ಬಳೇ ಆಗಿಬಿಡುತ್ತಾಳೆ.

"ಹೌದು, ಹೇಳಿದೆ," ಎಂದೆ. "ಯಾಕೆ ಹೇಳಿದೆ ಅಂದ್ರೆ..."

"ಯಾಕೆ ಅಂತ ಕೇಳ್ಲಿಲ್ಲ ಸಾರ್. ಈಗ ಎಷ್ಟು ಭಾಗ ಅಂತೀರಿ?"

"ಅವಳದ್ದು ಏನೂ ಇಲ್ಲ. ಕರೆದವನು ಅವನು, ಬಾಗಿಲು ಹಾಕಿದವನು ಅವನು, ಮಾಡಿದವನು ಅವನು."

"ಅಂದ್ರೆ ಲೆಕ್ಕ ಬದಲಾಯ್ತು."

"ಲೆಕ್ಕ ಹಾಕಿದ್ದೇ ತಪ್ಪು ಸ್ವಾಮಿ. ಅದು ಲೆಕ್ಕ ಹಾಕೋ ವಿಷಯ ಅಲ್ಲ. ನಾನು ತಗಡು ಬಡಿಯೋನು, ನನಗೆ ಬೇರೆ ಥರ ನೋಡೋಕೆ..."

ನ್ಯಾಯಾಧೀಶರು ಕೇಳಿದ್ದಕ್ಕಷ್ಟೇ ಉತ್ತರಿಸಿ ಎಂದರು. ಟೈಪ್ ಮಾಡುವ ಹುಡುಗಿ ಕಾಯುತ್ತಿದ್ದಳು, ನಮ್ಮವಳ ವಯಸ್ಸಿನವಳೇ. ಆಮೇಲೆ ನನ್ನ ಹೇಳಿಕೆ ಓದಿ ಸಹಿ ಹಾಕಲು ಕೊಟ್ಟರು. ಎರಡೂ ಇದ್ದವು, 'ಹೇಳಿರುವುದು ನಿಜ' ಎಂಬುದೂ, 'ಈಗ ಹಾಗೆನ್ನುವುದಿಲ್ಲ' ಎಂಬುದೂ. ನಡುವೆ ಇದ್ದ ತಿಂಗಳುಗಳು ಇರಲಿಲ್ಲ.

ಹೇಳಿದ್ದು ನಿಜ ಎಂದು ಕೋರ್ಟಿನಲ್ಲಿ ಒಪ್ಪಿಕೊಂಡೆ ಅಂತ ಮನೆಗೆ ಬಂದು ಮಗಳಿಗೆ ಹೇಳಿದೆ. ತಲೆ ಆಡಿಸಿದಳು. ಊಟಕ್ಕೆ ನಿಂತಾಗ ನನ್ನ ಪಕ್ಕದಲ್ಲಿ ನಿಲ್ಲಲಿಲ್ಲ.

ಡಿಸೆಂಬರ್ 18, ಗುರುವಾರ

ತೀರ್ಪು.

ಅವನನ್ನು ಬಿಟ್ಟರು. ಸಂಶಯದ ಲಾಭ ಎನ್ನುತ್ತಾರೆ ಅದಕ್ಕೆ. ಲಾಭ ಎಂಬ ಮಾತನ್ನು ಜೀವನವಿಡೀ ಬಾಯ್ತುಂಬ ಆಡಿದವನು ನಾನು. ತೀರ್ಪಿನಲ್ಲಿ ಬಹಳ ಕಾರಣಗಳಿವೆ. ಕೂಗಲಿಲ್ಲ ಎಂಬುದಿದೆ. ಒಂದು ಕಡೆ 'ದೂರುದಾರಳ ತಂದೆಯೇ' ಎಂದು ಶುರುವಾಗುವ ಒಂದು ಸಾಲಿದೆ. ನನ್ನ ಹೆಸರಿಲ್ಲ. ಮೇಲ್ಮನವಿ ಹಾಕೋಣ, ಆ ಒಂದು ಸಾಲಿನಿಂದಲೇ ಸೋತಿಲ್ಲ ಎಂದರು ವಕೀಲೆ. ಒಳ್ಳೆಯ ಹೆಂಗಸು. ಆ ಸಾಲಿಗೆ ಎಷ್ಟು ಭಾಗ ಎಂದು ನಾನು ಕೇಳಲಿಲ್ಲ. ಇನ್ನು ಈ ಜನ್ಮದಲ್ಲಿ ಯಾರನ್ನೂ ಆ ಮಾತು ಕೇಳುವುದಿಲ್ಲ.

ಮೆಟ್ಟಿಲ ಬಳಿ ಅವನ ಕಡೆಯವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ನಾವು ಹಿಂದಿನ ಗೇಟಿನಿಂದ ಬಂದೆವು.

ಗಾಡಿಯಲ್ಲಿ ಅಮ್ಮ ಮಗಳು ಹಿಂದೆ ಕೂತರು. ಅವಳು ಅತ್ತರೆ ನಾನು ನೋಡುತ್ತೇನೆಂದು ಅವಳಿಗೆ ಅನ್ನಿಸಬಾರದು, ಒಳಗಿನ ಕನ್ನಡಿಯನ್ನು ಚಾವಣಿಯ ಕಡೆ ತಿರುಗಿಸಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನ ಬಾಗಿಲು ತೆರೆದ ಸದ್ದು. ತಿರುಗುವಷ್ಟರಲ್ಲಿ ಅವಳು ಇಳಿದು ಫುಟ್‌ಪಾತ್ ಹತ್ತಿದ್ದಳು.

"ಬಿಡ್ರೀ, ನಡೀಲಿ," ಎಂದಳು ಮನೆಯವಳು. "ಉಸಿರು ಕಟ್ಟುತ್ತೆ ಅಂದ್ಳು."

"ನನ್ನ ಜೊತೆ ಕೂತಿದ್ದಕ್ಕಾ?"

ಮನೆಯವಳು ತೆರೆದೇ ಇದ್ದ ಬಾಗಿಲನ್ನು ಎಳೆದುಕೊಂಡಳು.

ಅವಳು ನಡೆದಳು. ನಾನು ನಾಲ್ಕೂ ಇಂಡಿಕೇಟರ್ ಹಾಕಿ, ರಸ್ತೆಯ ಅಂಚಿಗೆ ಬಂದು, ಅವಳ ನಡಿಗೆಯ ವೇಗದಲ್ಲೇ ಹಿಂದೆ ಹಿಂದೆ ಹೋದೆ. ಹಿಂದಿನವರೆಲ್ಲ ಹಾರ್ನ್ ಒತ್ತಿದರು. "ರಸ್ತೆ ನಿಮ್ಮಪ್ಪಂದಾ?" ಎಂದು ಒಬ್ಬ ಕಿಟಕಿಯ ಹತ್ತಿರ ಬಂದು ಬೈದು ಹೋದ. ಇಂಥ ಮಾತಿಗೆ ಎದುರುಮಾತು ತಾನಾಗಿ ಹುಟ್ಟುವ ಬಾಯಿ ನನ್ನದು. ಹುಟ್ಟಲಿಲ್ಲ. ಬೈದವರೆಲ್ಲ ದಾಟಿ ಹೋಗಲಿ ಎಂದು ಕಾದೆ, ಮತ್ತೆ ಮೊದಲನೇ ಗೇರಿಗೆ ಹಾಕಿದೆ.

ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ದೊಡ್ಡ ಸೇತುವೆ ದಾಟಿದಳು, ಶಾಲೆಯ ಗೋಡೆ ದಾಟಿದಳು. ನಮ್ಮ ಬೀದಿಗೆ ತಿರುಗುವ ಕಡೆ ಲಾರಿಯೊಂದು ಅಡ್ಡ ಬಂದು ನಾನು ಹಿಂದೆ ಉಳಿದೆ. ಲಾರಿ ಸರಿದಾಗ ಅವಳು ತಿರುವಿನಲ್ಲಿ ನಿಂತಿದ್ದಳು, ನಮ್ಮ ಕಡೆ ಬೆನ್ನು ಮಾಡಿಕೊಂಡೇ. ನಾನು ಹತ್ತಿರ ಬರುವವರೆಗೂ ನಿಂತಿದ್ದಳು. ಎಂಜಿನ್ ಸದ್ದು ಕೇಳಿಸಿರಬೇಕು. ಮತ್ತೆ ನಡೆದಳು.